ವಾಸನೆ ಬಾರದ ಸಮುದ್ರ

ಕಿಟ್ಟ ಕರಪತ್ರದ ಕರಡನ್ನು ಮೇಜಿನ ಮೇಲೆ ಹರಡಿದ. ಶಾನಭಾಗರು ಆಗಷ್ಟೇ ಒರೆಸಿ ಹೋಗಿದ್ದ ಮೇಜು. ಕಾಗದ ಅರ್ಧ ಒದ್ದೆಯಾಯಿತು.

"ಪರವಾಗಿಲ್ಲ, ಕಡಲ ಹಬ್ಬ ಅಲ್ವಾ? ಸ್ವಲ್ಪ ನೀರಿರಲಿ" ಅಂದರು ಮಾಸ್ತರ್ರು.

"ಓದಿ ಮಾಸ್ತರ್ರೇ. ತಪ್ಪಿದ್ದರೆ ಈಗಲೇ ಹೇಳಿ. ನಾಳೆ ಅಚ್ಚಿಗೆ ಹೋಗ್ತದೆ."

ಮಾಸ್ತರ್ರು ಕನ್ನಡಕ ಏರಿಸಿಕೊಂಡು, ತರಗತಿಯಲ್ಲಿ ಹಾಜರಿ ಕರೆದ ಹಾಗೆ ಓದಿದರು. "ಹೊನ್ನಾವರದ ಬಂದರಿನಲ್ಲಿ ಮೂರು ದಿನ ಕಡಲ ಪರಂಪರೆಯ ಹಬ್ಬ. ಕುಟುಂಬ ಸಮೇತ ಬನ್ನಿ. ಸೆಲ್ಫಿ ಪಾಯಿಂಟ್, ಆಹಾರ ಮೇಳ, ಲೇಸರ್ ಶೋ, ಮಕ್ಕಳಿಗೆ ಕಡಲ್ಗಳ್ಳರ ವೇಷ ಸ್ಪರ್ಧೆ, ಶ್ವಾನ ಪ್ರದರ್ಶನ..." ಇಲ್ಲಿ ನಿಂತರು. "ನಾಯಿ ಯಾಕೋ ತಮಾ?"

"ಕುಟುಂಬ ಅಂದಮೇಲೆ ನಾಯಿಯೂ ಬಂತಲ್ಲ."

ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಮಾಸ್ತರ್ರು ಕಾಗದವನ್ನು ಕಣ್ಣಿನ ಹತ್ತಿರ ತಂದರು. "ವಿಶೇಷ ಸೂಚನೆ: ಹಬ್ಬದ ಮೂರೂ ದಿನ ಬಂದರಿನಲ್ಲಿ ಮೀನಿನ ವಾಸನೆ ಇರುವುದಿಲ್ಲ."

ಬನ್ಸು ಮುರಿಯುತ್ತಿದ್ದ ತಾಂಡೇಲ ಹಾಗೇ ಕೈ ಎತ್ತಿ ಮೂಸಿ ನೋಡಿಕೊಂಡ. ಆಮೇಲೆ ಬನ್ಸು ತಿಂದ.

"ಬೆಂಗಳೂರಿಂದ ಬರ್ತಾರೆ, ಹುಬ್ಬಳ್ಳಿಯಿಂದ ಬರ್ತಾರೆ" ಕಿಟ್ಟ ಶುರು ಮಾಡಿದ. "ಕಾರಿನಿಂದ ಇಳಿದ ಕೂಡಲೇ ಮೂಗು ಮುಚ್ಚಿಕೊಂಡರೆ ಊರಿನ ಮರ್ಯಾದೆ ಏನಾಗಬೇಕು? ಅದಕ್ಕೇ ಮೂರು ದಿನ ಮೀನಿನ ಹರಾಜು ಬೇರೆ ಕಡೆ. ಕಾಸರಕೋಡ ಟೊಂಕದಲ್ಲಿ ಒಣಮೀನು ಹರವುತ್ತಾರಲ್ಲ, ಅವರಿಗೂ ಹೇಳಬೇಕು. ಗಾಳಿ ಸೀದಾ ಈ ಕಡೆಗೇ ಬೀಸ್ತದೆ."

"ಗಾಳಿಗೂ ಒಂದು ನೋಟಿಸು ಕೊಟ್ಟುಬಿಡು."

"ತಮಾಷೆ ಬೇಡ ಮಾಸ್ತರ್ರೇ."

"ಇಲ್ಲಪ್ಪ, ಲೆಕ್ಕ ಹಾಕ್ತಿದ್ದೇನೆ. ಮೀನು ಇಲ್ಲ. ಬಲೆ?"

"ಬಲೆಯೂ ವಾಸನೆಯೇ. ನೈಲಾನಿನ ಹೊಸ ಬಲೆ ತಂದು ಅಲಂಕಾರಕ್ಕೆ ಕಟ್ತೇವೆ."

"ದೋಣಿ?"

"ತೊಳೆದು, ಬಣ್ಣ ಹೊಡೆದು, ದೀಪ ಸುತ್ತಿ."

"ಮೀನುಗಾರರು?"

ಕಿಟ್ಟ ಒಂದು ಕ್ಷಣ ತಾಂಡೇಲನ ಕಡೆ ನೋಡಿದ. "ಸ್ವಯಂಸೇವಕರಾಗಿ ಇರಬಹುದು. ಟೀ ಶರ್ಟ್ ಕೊಡ್ತೇವೆ."

ಪಮ್ಮಕ್ಕ ಸಂತೆಚೀಲ ಮಡಿಲಲ್ಲಿಟ್ಟುಕೊಂಡು ಮೂಲೆಯ ಬೆಂಚಿನಲ್ಲಿ ಕೂತಿದ್ದಳು. ಸಂಜೆಯ ಬೋಟು ಬರುವವರೆಗೆ ಅವಳ ಜಾಗ ಅದೇ. "ಹಾಗಾದರೆ ಬಂದರು ಏನು ನಾರ್ತದೆ ಮಾರಾಯಾ? ಏನಾದರೂ ನಾರಲೇಬೇಕಲ್ಲ."

"ಅದಕ್ಕೂ ವ್ಯವಸ್ಥೆ ಇದೆ ಪಮ್ಮಕ್ಕ. ಸಿಂಪಡಿಸೋದು ಸಿಗ್ತದೆ. ಓಷನ್ ಅಂತಲೇ ಒಂದು ವಾಸನೆ ಇದೆ."

"ನಮ್ಮ ಮನೆಯಲ್ಲೂ ಇದೆ, ನೀಲಿ ಬಾಟಲಿ. ಮಗ ತಂದು ಬಾತ್‌ರೂಮಿನಲ್ಲಿ ಇಟ್ಟಿದ್ದಾನೆ" ಅಂದರು ಮಾಸ್ತರ್ರು. "ಬಾತ್‌ರೂಮಿಗೆ ಸಮುದ್ರದ ವಾಸನೆ, ಸಮುದ್ರಕ್ಕೆ ಬಾತ್‌ರೂಮಿನ ವಾಸನೆ. ಒಳ್ಳೆ ಅದಲು ಬದಲು."

ಶಾನಭಾಗರು ಒಳಗಿನಿಂದ ನಕ್ಕಿದ್ದು ಕೇಳಿಸಿತು. ಕಿಟ್ಟನಿಗೆ ಮುನಿಸು ಬಂತು. ಅವನ ಕಷ್ಟ ಅವನಿಗೆ. ಕಾರವಾರದವರ ಕಡಲತೀರದಲ್ಲಿ ಇಡೀ ಯುದ್ಧನೌಕೆಯೇ ನಿಂತಿದೆ, ಟಿಕೆಟ್ ತಗೊಂಡು ಒಳಗೆ ಹೋಗಿ ನೋಡಬಹುದು. ಹೊನ್ನಾವರದಲ್ಲಿ ತೋರಿಸಲಿಕ್ಕೆ ಏನಿದೆ?

"ಏನಿಲ್ಲ ಅಂತೀಯಾ?" ಮಾಸ್ತರ್ರು ಕಷಾಯದ ಲೋಟ ಕೆಳಗಿಟ್ಟರು. ಅವರು ಲೋಟ ಕೆಳಗಿಟ್ಟರು ಅಂದರೆ ಇತಿಹಾಸ ಬರುತ್ತದೆ ಅಂತ ಅರ್ಥ. "ಇಬ್ನ್ ಬತೂತ ಬಂದಿದ್ದ ಇಲ್ಲಿಗೆ. 14ನೇ ಶತಮಾನದಲ್ಲಿ. ಮೊರಾಕ್ಕೋದವನು. ಆಗ ಇಲ್ಲಿ ಜಮಾಲುದ್ದೀನ್ ಅಂತ ಸುಲ್ತಾನ. ಈ ಊರಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅಂತ ಬರೆದಿದ್ದಾನೆ."

"ಫೋಟೋ ಇದೆಯಾ?"

"ಕೇಳು ಮೊದಲು. ಸುಲ್ತಾನನ ಮನೆಯ ಊಟ ಹೇಗಿತ್ತು ಅಂತಲೂ ಬರೆದಿದ್ದಾನೆ. ಅನ್ನ, ತುಪ್ಪ. ಪಕ್ಕಕ್ಕೆ ಮೆಣಸಿನ ಉಪ್ಪಿನಕಾಯಿ, ಲಿಂಬೆ, ಮಾವಿನಕಾಯಿ."

"ಅಪ್ಪೆಮಿಡಿಯೇ ಇರಬೇಕು" ಅಂದರು ಶಾನಭಾಗರು, ಒಳಗಿನಿಂದಲೇ.

"ಆಮೇಲೆ ಕೋಳಿ. ಆಮೇಲೆ ಮೀನು. ಮೀನು, ಕೇಳಿಸ್ತಾ? ಕೊನೆಗೆ ಮೊಸರು. ಕುಡಿಯಲಿಕ್ಕೆ ಬಿಸಿನೀರು. ಹನ್ನೊಂದು ತಿಂಗಳು ರೊಟ್ಟಿ ಕಾಣದೆ ಬರೀ ಅನ್ನ ತಿಂದೆ ಅಂತ ಅಳ್ತಾನೆ ಬೇರೆ. ಆದರೆ ಮೀನು ನಾರ್ತದೆ ಅಂತ ಎಲ್ಲೂ ಬರೆದಿಲ್ಲ. ಮೊರಾಕ್ಕೋದಿಂದ ಬಂದವನಿಗೆ ಆಗದ ತೊಂದರೆ ಹುಬ್ಬಳ್ಳಿಯಿಂದ ಬಂದವನಿಗೆ ಆಗ್ತದಾ?"

ಕಿಟ್ಟ ಬರೆದುಕೊಂಡ. 'ಬತೂತ ಥಾಲಿ.' ಸ್ವಲ್ಪ ಯೋಚಿಸಿ ಪಕ್ಕದಲ್ಲಿ 'ವೆಜ್' ಅಂತ ಸೇರಿಸಿದ.

"ಕಡಲ್ಗಳ್ಳರ ವೇಷ ಅಂತ ಹಾಕಿದ್ದೀಯಲ್ಲ, ಏನು ವೇಷ?"

"ಒಂದು ಕಣ್ಣಿಗೆ ಕರೀ ಪಟ್ಟಿ, ಕೈಗೆ ಕೊಕ್ಕೆ, ಹೆಗಲ ಮೇಲೆ ಗಿಳಿ."

"ನಮ್ಮೂರಿಗೆ ನಮ್ಮದೇ ಕಡಲ್ಗಳ್ಳ ಇದ್ದನಲ್ಲೋ! ತಿಮ್ಮಯ್ಯ. ಪೋರ್ಚುಗೀಸರ ಬಾಯಲ್ಲಿ ತಿಮೋಜ ಆದ. ಅವನ ಹಡಗುಗಳು ಇರ್ತಿದ್ದದ್ದೇ ಇಲ್ಲಿ. 1505ರಲ್ಲಿ ಪೋರ್ಚುಗೀಸರ ಅಲ್ಮೇಡ ಇದೇ ಬಂದರಿಗೆ ಬಂದು ಹಡಗು ಸುಟ್ಟ. 1510ರಲ್ಲಿ ಅಲ್ಬುಕರ್ಕ್ ಕೆಂಪು ಸಮುದ್ರದ ಕಡೆ ಹೊರಟಿದ್ದಾಗ, ಅಲ್ಲಿಗೆ ಯಾಕೆ ಹೋಗ್ತೀ, ಗೋವಾ ಹಿಡಿ ಅಂತ ದಾರಿ ತಿರುಗಿಸಿದವನು ಈ ತಿಮ್ಮಯ್ಯ."

"ಅಂದರೆ ಗೋವಾ ಟೂರು ಶುರು ಮಾಡಿಸಿದ್ದು ನಮ್ಮೂರವನೇ" ಅಂದಳು ಪಮ್ಮಕ್ಕ.

"ಹೌದು. ಹೋದವರು ವಾಪಸು ಬರಲಿಕ್ಕೆ 451 ವರ್ಷ ಹಿಡೀತು."

"ಅವನ ಹೆಗಲ ಮೇಲೆ ಗಿಳಿ ಇತ್ತಾ?" ಕಿಟ್ಟ ಬಿಡಲಿಲ್ಲ. ಆಗಲೇ ಇಪ್ಪತ್ತು ಪ್ಲಾಸ್ಟಿಕ್ ಗಿಳಿ ಆರ್ಡರ್ ಕೊಟ್ಟಾಗಿತ್ತು.

"ಈ ಬಂದರಿನಲ್ಲಿ ಕೂತದ್ದಾದರೆ ಕಾಗೆ. ಮೀನಿದ್ದ ಕಡೆ ಗಿಳಿ ಯಾಕೆ ಬರ್ತದೆ?" ಮಾಸ್ತರ್ರು ಲೋಟ ಎತ್ತಿಕೊಂಡರು. "ಓ ಮರೆತೆ, ಮೀನು ಇಲ್ಲ ಅಲ್ವಾ. ಹಾಗಾದರೆ ಬರಬಹುದು."

ಪಮ್ಮಕ್ಕನಿಗೆ ಈಗ ಹುರುಪು ಬಂದಿತ್ತು. ಪರಂಪರೆಯಲ್ಲಿ ತನ್ನ ಪಾಲೂ ಇದೆ ಅಂತ ಗೊತ್ತಾಗಿತ್ತು. "ನಮ್ಮ ಅಜ್ಜಿ ಆಗಬೋಟಿನಲ್ಲಿ ಮುಂಬಯಿಗೆ ಹೋಗಿದ್ದಳು. ಈ ಹೊಳೆಗಳಿಗೆಲ್ಲ ಸೇತುವೆ ಇರಲಿಲ್ಲ ಆಗ. ಬಾಣಂತಿ ಮಗಳನ್ನು ನೋಡಲಿಕ್ಕೆ ಅಂತ ಹೋದವಳು ಹತ್ತಿದಲ್ಲಿಂದ ಇಳಿಯುವವರೆಗೆ ವಾಂತಿ. ಬಾಣಂತಿಯೇ ಅವಳ ಆರೈಕೆ ಮಾಡಬೇಕಾಯ್ತಂತೆ. ಅದನ್ನೂ ಹಾಕು."

"ಪಮ್ಮಕ್ಕ, ಕುಟುಂಬ ಸಮೇತ ನೋಡುವಂಥದ್ದು ಇರಬೇಕು."

"ಅಜ್ಜಿ ಕುಟುಂಬ ಅಲ್ವಾ? ನಾಯಿ ಆಗ್ತದೆ, ಅಜ್ಜಿ ಆಗೋದಿಲ್ಲ?"

ಕಿಟ್ಟ ಪುಟ ತಿರುಗಿಸಿದ. ಅವನಿಗೆ ಬೇಕಾಗಿದ್ದದ್ದು ತಾಂಡೇಲ. ಅಷ್ಟು ಹೊತ್ತಿನಿಂದ ಹೇಗೆ ಕೇಳುವುದು ಅಂತ ನೋಡುತ್ತಿದ್ದ. ಮೊದಲು ಸಣ್ಣದು ಕೇಳಿದ. ಮಕ್ಕಳನ್ನು ಬೋಟಿನಲ್ಲಿ ಕೂರಿಸಿ ಶರಾವತಿ ಸಮುದ್ರ ಸೇರುವ ಅಳಿವೆಯವರೆಗೆ ಒಂದು ಸುತ್ತು ಹೊಡೆಸಬಹುದಾ?

"ಅಳಿವೆಯಲ್ಲಿ ಹೂಳು ತುಂಬಿದೆ" ಅಂದ ತಾಂಡೇಲ. ಅವನು ಮಾತು ಶುರು ಮಾಡುವುದೇ ಅಲ್ಲಿಂದ. "ಭರತ ಇದ್ದಾಗ ಮಾತ್ರ ಸರಿ. ಇಳಿತದಲ್ಲಿ ನಾವೇ ಹೆದರ್ತೇವೆ."

"ಉದ್ಘಾಟನೆ ಹತ್ತೂವರೆಗೆ. ಮೂರೂ ದಿನ ಹತ್ತೂವರೆಗೆ ಭರತ ಇರೋ ಹಾಗೆ ನೋಡಿಕೊಳ್ಳಬಹುದಾ?"

ತಾಂಡೇಲ ಮಾಸ್ತರ್ರ ಮುಖ ನೋಡಿದ. ಇಂಥ ಪ್ರಶ್ನೆಗೆ ಉತ್ತರ ಕೊಡುವುದು ಅವರ ಕೆಲಸ.

"ತಮಾ, ಭರತ ದಿನಕ್ಕೆ ಸುಮಾರು 50 ನಿಮಿಷ ತಡ ಮಾಡ್ತದೆ. ನಿನ್ನ ಮುಖ್ಯ ಅತಿಥಿ ಎಷ್ಟು ತಡ ಮಾಡ್ತಾರೆ?"

"ಎರಡು ಗಂಟೆ ಅಂತ ಇಟ್ಟುಕೊಳ್ಳಿ."

"ನೋಡು, ಸಮುದ್ರವೇ ವಾಸಿ. ಅದಕ್ಕೆ ಹಾರವೂ ಬೇಡ."

ಕೊನೆಗೆ ಕಿಟ್ಟ ಬಾಯಿ ಬಿಟ್ಟ. ತಾಂಡೇಲನ ಮನೆಯ ತೆಂಗಿನ ಬುಡದಲ್ಲಿ ಕವುಚಿ ಹಾಕಿರುವ ಹಳೇ ದೋಣಿ ಬೇಕು. ಮಧ್ಯದಲ್ಲಿ ನಿಲ್ಲಿಸಿ, ಗುಲಾಬಿ ಬಣ್ಣ ಬಳಿದು, ಎರಡೂ ಕಡೆ ರೆಕ್ಕೆ ಕಟ್ಟಿ, ಮುಂದೆ ಊರಿನ ಹೆಸರು. ಜನ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ.

"ಅದು ಹತ್ತಿದರೆ ಮುರೀತದೆ" ಅಂದ ತಾಂಡೇಲ. "ಅಪ್ಪನ ಕಾಲದ್ದು. ಮೊಳೆ ಇಲ್ಲ ಅದಕ್ಕೆ. ಹಲಗೆ ಹಲಗೆ ಸೇರಿಸಿ ನಾರಿನ ಹಗ್ಗದಲ್ಲಿ ಹೊಲಿದದ್ದು. ರಂಪಣಿಯ ದೋಣಿ."

"ರಂಪಣಿ!" ಮಾಸ್ತರ್ರ ದನಿ ಬದಲಾಯಿತು.

ಪಮ್ಮಕ್ಕನಿಗೆ ಗೊತ್ತಿತ್ತು, ಕಿಟ್ಟನಿಗೆ ಗೊತ್ತಿರಲಿಲ್ಲ. ಅವನು ಹುಟ್ಟುವ ಹೊತ್ತಿಗೆ ಮುಗಿದಿತ್ತು. ತಾಂಡೇಲನೇ ಹೇಳಿದ. ಕಡಲಿನಲ್ಲಿ ಬಂಗುಡೆಯ ಹಿಂಡು ಕಂಡರೆ ದಡದಿಂದ ಕೂಗು. ದೋಣಿ ದೊಡ್ಡ ಬಲೆಯನ್ನು ಬಿಡುತ್ತ ಅರ್ಧ ಸುತ್ತು ಹಾಕಿ ಬರುತ್ತಿತ್ತು. ಬಲೆಯ ಎರಡು ತುದಿ ದಡದಲ್ಲಿ. ಎರಡೂ ಕಡೆ ಜನ ಸಾಲಾಗಿ ನಿಂತು ಹಗ್ಗ ಎಳೆಯುವುದು. ಹತ್ತಿಪ್ಪತ್ತು ಜನರಲ್ಲ, ಇಡೀ ಕೇರಿ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. 1975ರ ಹೊತ್ತಿಗೆ ಪರ್ಸೀನ್ ಬೋಟುಗಳು ಬಂದವು. ಹಿಂಡನ್ನು ಕಡಲಿನಲ್ಲೇ ಸುತ್ತಿ ಎತ್ತಿಕೊಂಡವು. ದಡದಲ್ಲಿ ನಿಂತವರು ನಿಂತೇ ಇದ್ದರು.

"ನಾನೂ ಎಳೆದಿದ್ದೇನೆ" ಅಂದರು ಮಾಸ್ತರ್ರು.

"ನೀವಾ!" ಪಮ್ಮಕ್ಕ ಹೌಹಾರಿದಳು. ಮಾಸ್ತರ್ರ ಮನೆಯಲ್ಲಿ ಈರುಳ್ಳಿಯೂ ತಡವಾಗಿ ಬಂದದ್ದು.

"ಹತ್ತು ವರ್ಷ ನನಗೆ. ಶಾಲೆ ತಪ್ಪಿಸಿ ಹೋಗಿದ್ದೆ. ಇವನ ಅಪ್ಪ ನನಗೂ ಪಾಲು ಹಾಕಿದ, ಐದು ಬಂಗುಡೆ. ಹೆಗಡೇರ ಮಾಣಿ ಅಂತ ಬಿಡಲಿಲ್ಲ, ಎಳೆದವನಿಗೆ ಪಾಲು ಅಂತ ಕೈಗೇ ಕೊಟ್ಟ. ಏನು ಮಾಡೋದು? ಮನೆಗೆ ಒಯ್ಯುವಂತಿಲ್ಲ. ಬಿಸಾಡಲಿಕ್ಕೆ ಮನಸ್ಸಿಲ್ಲ. ಇವನ ಆಯಿಗೆ ಕೊಟ್ಟೆ. ಅವಳು ಒಂದು ಎಳನೀರು ಕೊಟ್ಟಳು. ಮನೆಗೆ ಹೋದರೆ ಅಮ್ಮನಿಗೆ ಅಂಗಳದಿಂದಲೇ ಗೊತ್ತಾಯ್ತು. ಬಾವಿಕಟ್ಟೆಯಲ್ಲಿ ಕೂರಿಸಿ ಹುಣಸೆಹಣ್ಣು, ಸೀಗೆಪುಡಿ ಹಾಕಿ ತಿಕ್ಕಿದಳು. ಹೋಗಲಿಲ್ಲ. ರಾತ್ರಿ ಹೊದಿಕೆಯೊಳಗೆ ಕೈ ಮೂಸಿಕೊಂಡೇ ಮಲಗಿದೆ."

ಯಾರೂ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಶಾನಭಾಗರು ಬಂದು ಖಾಲಿ ಲೋಟ ಎತ್ತಿಕೊಂಡು ಹೋದರು.

"ಹಾಗಾದರೆ ರಂಪಣಿ ಎಳೆಸೋಣ!" ಕಿಟ್ಟ ಎದ್ದೇಬಿಟ್ಟ. "ಹೆರಿಟೇಜ್! ಬಂದವರೆಲ್ಲ ಹಗ್ಗ ಎಳೀಲಿ. ಆ ಬಲೆ ಎಲ್ಲಿದೆ?"

"ನಮ್ಮ ಬಸಳೆ ಚಪ್ಪರದ ಸುತ್ತ ಇದೆ ಒಂದು ತುಂಡು" ಅಂದಳು ಪಮ್ಮಕ್ಕ. "ದನ ಬರಬಾರದು ಅಂತ ಕಟ್ಟಿದ್ದು."

"ಎಳೆದಾಗ ಮೀನು ಬಂದರೆ?" ಮಾಸ್ತರ್ರು ಕೇಳಿದರು. "ನಾರ್ತದಲ್ಲೋ."

ಕಿಟ್ಟ ಕೂತ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. "ಹ್ಞಾಂ... ಹ್ಞಾಂ... ಇಲ್ಲೇ ಬಂದರಿನಲ್ಲಿ... ತರ್ತೇನೆ... ದೊಡ್ಡದೇ ನೋಡಿ ತರ್ತೇನೆ." ಫೋನು ಇಟ್ಟ. ಯಾರೂ ಏನೂ ಕೇಳಲಿಲ್ಲ. ಅವನೇ ತಾಂಡೇಲನ ಕಡೆಗೆ ಬಾಗಿ ಸಣ್ಣ ದನಿಯಲ್ಲಿ ಕೇಳಿದ. "ಆ ಮೂರು ದಿನ ಹರಾಜು ಎಲ್ಲಿ ಮಾಡ್ತೀರಿ? ಅಪ್ಪನಿಗೆ ಮಧ್ಯಾಹ್ನ ಮೀನಿಲ್ಲದಿದ್ದರೆ ಊಟ ಸೇರೋದಿಲ್ಲ."

"ನೀನು ಹೇಳಿದ ಕಡೆ" ಅಂದ ತಾಂಡೇಲ.

ದೂರದಲ್ಲಿ ಬೋಟಿನ ಇಂಜಿನ್ ಸದ್ದು ಕೇಳಿಸಿತು. ಪಮ್ಮಕ್ಕ ಚೀಲ ಕೊಡವಿಕೊಂಡು ಎದ್ದಳು. ಕಿಟ್ಟ ಒದ್ದೆ ಕರಪತ್ರವನ್ನು ಮತ್ತೆ ಮುಂದೆಳೆದುಕೊಂಡ. ಸಣ್ಣ ಅಕ್ಷರದ ಸಾಲಿನ ಮೇಲೆ ಪೆನ್ನು ಇಟ್ಟ, ಹೊಡೆದು ಹಾಕಲಿಲ್ಲ.

"ಮಾಸ್ತರ್ರೇ, ಬಂಗುಡೆಗೆ ಇಂಗ್ಲಿಷಿನಲ್ಲಿ ಏನಂತಾರೆ?"

"ಮ್ಯಾಕೆರೆಲ್."

"ಹೆರಿಟೇಜ್ ಮ್ಯಾಕೆರೆಲ್ ಅಂತ ಹಾಕಿದರೆ ವಾಸನೆ ಬರೋದಿಲ್ಲ, ಅಲ್ವಾ?"