ಕೊಳೆ ಔಷಧಿ ಮತ್ತು ಬಾಲಿ ದ್ವೀಪ

2025ರ ಮಳೆಗಾಲದ ಮಾತು. ಸಾಗರದ ಒಂದು ಸಣ್ಣ ಹೋಟೆಲಲ್ಲಿ ನಾವು ಐದು ಜನ ಕೂತಿದ್ದೆವು. ಬೆಳಿಗ್ಗೆಯಿಂದ ಹನಿ ಕಡಿದಿರಲಿಲ್ಲ. ಅಡಿಕೆ ತೋಟಕ್ಕೆ ಎರಡನೇ ಸಲ ಕೊಳೆರೋಗದ ಔಷಧಿ ಹೊಡೆಸಬೇಕು, ಮಳೆ ಬಿಡುತ್ತಿಲ್ಲ, ಮರ ಹತ್ತುವವನು ಫೋನ್ ಎತ್ತುತ್ತಿಲ್ಲ. ಇಂಥ ಹೊತ್ತಲ್ಲಿ ಮನುಷ್ಯನಿಗೆ ವೈರಾಗ್ಯ ಬರಬೇಕು, ಇಲ್ಲಾ ಟೂರಿನ ಯೋಚನೆ ಬರಬೇಕು. ಮಂಜನಿಗೆ ಎರಡನೆಯದು ಬಂತು.

"ಯಾವುದಾದ್ರೂ ದ್ವೀಪಕ್ಕೆ ಹೋಗಿ ಬರಣ ಮಾರಾಯ್ರ" ಅಂತ ಮೊಬೈಲನ್ನು ಗೋಳಿಬಜೆ ತಟ್ಟೆಯ ಪಕ್ಕ ಇಟ್ಟ. ಮಾಲ್ಡೀವ್ಸ್ ಸಮುದ್ರದ ಫೋಟೋ.

ಗಣಪಣ್ಣ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. "ಎಂಥದಾ ಇದು, ಸಮುದ್ರಕ್ಕೆ ಯಾರೋ ಬೋರ್ಡೋ ಕಲಸಿಟ್ಟಾರೆ?"

ನಗಬೇಡಿ, ಬೋರ್ಡೋ ಅಂದರೆ ನಮ್ಮ ಕೊಳೆ ಔಷಧಿಯೇ, ಮೈಲುತುತ್ತ ಸುಣ್ಣ ಹದವಾಗಿ ಕೂಡಿದ ಡ್ರಮ್ಮಿನ ಬಣ್ಣ ಹಾಗೇ ಇರುತ್ತದೆ. ಆ ನೀಲಿ ನೋಡಲು ಲಕ್ಷ ಕೊಡುವವರಿದ್ದಾರೆ ಅಂದರೆ ನಮ್ಮ ಡ್ರಮ್ಮಿನ ಸುತ್ತ ನಾಲ್ಕು ಕುರ್ಚಿ ಹಾಕಿಡಬಹುದು.

ಮಾಷ್ಟ್ರು ರಿಟೈರ್ ಆಗಿದ್ದಾರೆ, ಪಾಠ ಆಗಿಲ್ಲ. "ಅಲ್ಲಿ ಹತ್ತಿರ ಹತ್ತಿರ 1,200 ದ್ವೀಪ. ಇಡೀ ದೇಶ ಹುಡುಕಿದ್ರೂ ನೆಲ ತಾನಾಗಿ ಎದ್ದಿರೋದು ಸಮುದ್ರದಿಂದ ಎರಡೂವರೆ ಮೀಟರಿನ ಆಸುಪಾಸು, ಅಷ್ಟೇ."

"ನಮ್ಮನೆ ಹಿಂದಿನ ಧರೆ ಅದಕ್ಕಿಂತ ಎತ್ತರ" ಅಂದ ಗಣಪಣ್ಣ, ನಿಟ್ಟುಸಿರು ಬಿಟ್ಟು. "ಪುಣ್ಯವಂತರು. ಧರೆ ಕುಸಿಯೋ ಭಯ ಇಲ್ಲ."

ಅಂಡಮಾನ್ ವಿಚಾರ ಅರ್ಧ ಗ್ಲಾಸ್ ಕಷಾಯದಲ್ಲಿ ಮುಗಿಯಿತು. ಮಾಷ್ಟ್ರು ಸೆಲ್ಯುಲರ್ ಜೈಲು ಕಟ್ಟಿ ಮುಗಿಸಿದ್ದು 1906ರಲ್ಲಿ, ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀವಿಜಯಪುರಂ ಅಂತ ಹೆಸರಿಟ್ಟರು ಎಂದೆಲ್ಲ ಹೇಳುತ್ತಿದ್ದರು. ಗಣಪಣ್ಣ ನಡುವೆ ಬಾಯಿ ಹಾಕಿ "ಅಲ್ಲಿ ಬೆಳೆ ಎಂಥದು?" ಅಂದ.

"ತೆಂಗು. ಮತ್ತೆ... ಅಡಿಕೆ."

ಮೇಜಿನ ಸುತ್ತ ಮೌನ. ಮಂಜನೇ ಮೊಬೈಲ್ ಮಗುಚಿ ಹಾಕಿದ.

ಇಷ್ಟು ಹೊತ್ತು ತುಮರಿ ಶ್ರೀಧರ ಮಾತಾಡಿರಲಿಲ್ಲ. ಕವಳ ಹಾಕಿದ್ದ, ಅದೂ ಒಂದು ಕಾರಣ. ಉಗಿದು ಬಂದು ಕೂತು ಶುರು ಮಾಡಿದ. "ದ್ವೀಪ ದ್ವೀಪ ಅಂತ ಸಾಯ್ತೀರಲ್ಲ, ನಾನು ಹುಟ್ಟಿದ್ದೇ ಅಂಥ ಕಡೆ. ಲಿಂಗನಮಕ್ಕಿ ಕಟ್ಟೆ ಆಗಿದ್ದು 1964ರಲ್ಲಿ. ಆಮೇಲೆ ನಮಗೆ ಮೂರು ಕಡೆ ನೀರು, ಇನ್ನೊಂದು ಕಡೆ ಕಾಡು. ಸಂಜೆ ಕೊನೇ ಲಾಂಚ್ ತಪ್ತಾ, ಮುಗೀತು. ಆಚೆ ದಡದಲ್ಲಿ ನಮ್ಮೂರ ದೀಪ ಮಿಣಮಿಣ ಅಂತದೆ, ಈಚೆ ದಡದಲ್ಲಿ ನಮ್ಮ ಹೊಟ್ಟೆ ಚುರುಚುರು ಅಂತದೆ. ನನ್ನ ಮದುವೇಲಿ ದಿಬ್ಬಣ ದಾಟಿತ್ತು, ಪುರೋಹಿತರು ದಾಟಿರಲಿಲ್ಲ. ದೋಣಿ ಇಳಿದು ಓಡಿ ಬಂದು, ಏದುಸಿರಲ್ಲಿ ಅರ್ಧ ಮಂತ್ರ ನುಂಗಿದ್ರು."

"ಅದಕ್ಕೇ ನಿನ್ನ ಹೆಂಡತಿ ನಿನ್ನ ಮಾತು ಕೇಳದೇ ಇರೋದು" ಅಂದ ಮಂಜ. "ಆ ಮಂತ್ರ ನುಂಗಿದ ಭಾಗದಲ್ಲಿ ಇತ್ತು."

ಶ್ರೀಧರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಜುಲೈಯಲ್ಲಿ ಅವರ ಊರಿನ ಆ ನೀರಿಗೆ ಸಿಗಂದೂರು ಸೇತುವೆ ಆಗಿತ್ತು. ಅಲ್ಲಿಂದ ಅವನಿಗೆ ಆಚೆ ಈಚೆ ಓಡಾಡುವುದೇ ಕೆಲಸ. ಒಂದು ಕಟ್ಟು ಬೀಡಿ ತರಲೂ ಸೇತುವೆ ದಾಟಿ ಬರುತ್ತಾನೆ, ಅವನು ಬೀಡಿ ಸೇದುವುದಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಂಜನ ಮಗಳು ಬೆಂಗಳೂರಲ್ಲಿದ್ದಾಳೆ, ಬಾಲಿಗೆ ಐದು ದಿನದ ಪಟ್ಟಿಯನ್ನೇ ಕಳಿಸಿದ್ದಳು. ಮಂಜ ಓದಿದ. ಮೊದಲನೇ ದಿನ ಉಬುದ್ ಊರಿನ ಮಂಗಗಳ ಕಾಡು, ಟಿಕೆಟ್ ಉಂಟು.

"ಮಂಗ ನೋಡೋಕೆ ಟಿಕೆಟ್ಟಾ!" ಗಣಪಣ್ಣನ ದನಿ ಅಡುಗೆಮನೆಗೂ ಕೇಳಿತು. ವರ್ಷವಿಡೀ ಪಟಾಕಿ, ಕವಣೆ, ನಾಯಿ ಅಂತ ಮಂಗ ಓಡಿಸಲು ದುಡ್ಡು ಸುರಿದವನು ಪಾಪ.

"ಉಲುವಾಟು ದೇವಸ್ಥಾನದ ಮಂಗಗಳು ಕನ್ನಡಕ ಕಿತ್ಕೊಂಡು ಹೋಗಿ, ಹಣ್ಣು ಕೊಟ್ರೆ ವಾಪಸ್ ಕೊಡ್ತಾವಂತೆ" ಅಂದರು ಮಾಷ್ಟ್ರು.

"ವ್ಯವಹಾರಸ್ಥರು. ನಮ್ಮವು ಬಾಳೆಗೊನೆನೂ ತಿಂತಾವೆ, ಹಂಚೂ ಒಡೀತಾವೆ, ವಾಪಸ್ ಕೊಡೋ ಮಾತೇ ಇಲ್ಲ."

ಎರಡನೇ ದಿನ ಮೆಟ್ಟಿಲು ಗದ್ದೆ. ಅಲ್ಲಿಯ ನೀರು ಹಂಚಿಕೊಳ್ಳುವ ಪದ್ಧತಿಗೆ ಸುಬಕ್ ಅಂತ ಹೆಸರು, 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಮೇಲಿನ ಗದ್ದೆಯವನು ಕೆಳಗಿನವನಿಗೆ ನೀರು ಬಿಡುತ್ತಾನೆ ಎಂಬುದು ವಿಶ್ವ ಪರಂಪರೆ ಆಗಬೇಕಾದದ್ದೇ ಅಂತ ನನಗೂ ಅನಿಸಿತು. ನಮ್ಮಲ್ಲಿ ಅದಕ್ಕೆ ಸಾಗರದ ಕೋರ್ಟಲ್ಲಿ ಕೇಸಿದೆ.

"ಗದ್ದೆ ನೋಡೋಕೆ ವಿಮಾನ ಹತ್ತಬೇಕನಾ?" ಅಂದ ಗಣಪಣ್ಣ.

"ಮತ್ತೆ ನಿಮ್ಮಲ್ಲಿ ಗದ್ದೆ ಎಲ್ಲಿ ಉಳಿದದೆ? ಇದ್ದ ಮೂರೆಕ್ರೆಗೂ ಅಡಿಕೆ ಸಸಿ ನೆಟ್ಯಲ್ಲ" ಎಂದು ಶ್ರೀಧರ ಮೆಲ್ಲಗೆ ಕೇಳಿದ. ಗಣಪಣ್ಣ ಗೋಳಿಬಜೆ ಮುರಿಯತೊಡಗಿದ.

ಮೂರನೇ ದಿನ ಜಲಪಾತ. ಅದನ್ನು ಯಾರೂ ಚರ್ಚೆಗೇ ಎತ್ತಿಕೊಳ್ಳಲಿಲ್ಲ. ಜೋಗ ಪಕ್ಕದಲ್ಲಿಟ್ಟುಕೊಂಡು ಹುಟ್ಟಿದವರಿಗೆ ಆ ಮಟ್ಟಿನ ಸೊಕ್ಕು ಇರುತ್ತದೆ. ನಾಲ್ಕನೇ ದಿನ ಲುವಾಕ್ ಕಾಫಿ. ಕಾಡುಬೆಕ್ಕಿನ ಜಾತಿಯ ಪ್ರಾಣಿ ಹಣ್ಣು ತಿಂದು ಹಿಕ್ಕೆಯಲ್ಲಿ ಹಾಕಿದ ಬೀಜವನ್ನು ತೊಳೆದು ಹುರಿದು ಮಾಡುತ್ತಾರೆ, ಬೆಲೆ ಜಾಸ್ತಿ ಅಂತ ಮಂಜ ವಿವರಿಸಿದ. ಹೋಟೆಲಿನವ ಕೌಂಟರಿನಿಂದಲೇ "ಕಾಫಿ ಹೇಳಿದ್ರಾ?" ಅಂದ. ಐವರೂ ಕಷಾಯವನ್ನೇ ಇನ್ನೊಂದು ಸುತ್ತು ಹೇಳಿದೆವು.

ಗಣಪಣ್ಣನನ್ನು ಒಲಿಸಲು ಮಾಷ್ಟ್ರು ಒಳ್ಳೆಯ ಮನಸ್ಸಿನಿಂದ ಒಂದು ಮಾತು ಆಡಿದರು, ಅದೇ ತಪ್ಪಾಯಿತು. "ಬಾಲಿಯವರು ದಿನಾ ದೇವರಿಗೆ ಎಲೆಯ ಪುಟ್ಟ ಬುಟ್ಟಿ ಇಡ್ತಾರೆ ಗಣಪಣ್ಣ. ಹೂವಿನ ಅಡಿಗೆ ವೀಳ್ಯದೆಲೆ, ಸುಣ್ಣ, ಅಡಿಕೆ. ನಮ್ಮ ಹಾಗೇ!"

"ಹೌದನಾ? ಅಡಿಕೆ ಎಲ್ಲಿಂದ ತರ್ತಾರೆ?"

"ಇಂಡೋನೇಷ್ಯಾದಲ್ಲೇ ಬೇಕಾದಷ್ಟು ಬೆಳೀತದಲ್ಲ. ಹೊರದೇಶಕ್ಕೂ ಕಳಿಸ್ತಾರೆ."

ಗಣಪಣ್ಣ ಎದ್ದೇ ನಿಂತ. "ಹೊರಗಿನ ಅಡಿಕೆ ಬಂದು ನಮ್ಮ ರೇಟು ಬೀಳ್ತದೆ ಅಂತ ಕೂಗಿ ಕೂಗಿ, 2023ರಲ್ಲಿ ಆಮದಿನ ಕನಿಷ್ಠ ಬೆಲೆ ಕೆ.ಜಿ.ಗೆ 351 ರೂಪಾಯಿ ಮಾಡಿಸಿಕೊಂಡಿದ್ದೇವೆ. ಈಗ ನಾನೇ ಹೋಗಿ ಅವರಿಗೆ ದುಡ್ಡು ಕೊಟ್ಟು ಬರಲಾ?"

ಅವನನ್ನು ಕೂರಿಸಲು ಮಂಜ ಅಲ್ಲಿಯ ನೋಟಿನ ವಿಷಯ ತೆಗೆದ. ಲಕ್ಷ ರೂಪಾಯಿಗೆ ಒಂದೇ ನೋಟು, ನಮ್ಮ ಐನೂರು ಆರುನೂರಕ್ಕೆ ಸಮ. ಒಂದು ಕ್ವಿಂಟಲ್ ರಾಶಿ ಅಡಿಕೆ ಮಾರಿದ ದುಡ್ಡಿಗೆ ಅಲ್ಲಿ ಕೋಟಿ ಸಿಗಬಹುದು ಅಂತ ಲೆಕ್ಕ ಹಾಕಿ ಗಣಪಣ್ಣ ತಣ್ಣಗಾದ. ಕೋಟ್ಯಧಿಪತಿ ಅಂತ ಐದು ದಿನವಾದರೂ ಅನ್ನಿಸಿಕೊಳ್ಳುವ ಆಸೆ ಯಾರಿಗಿಲ್ಲ?

ಸರಿ, ಯಾವಾಗ ಹೋಗುವುದು? ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡೆವು. ಸೆಪ್ಟೆಂಬರ್ ತನಕ ಮಳೆ, ಔಷಧಿ, ಆಗುವ ಮಾತಲ್ಲ. ಆಮೇಲೆ ಅಡಿಕೆ ಕೊಯ್ಲು. ಕೊಯ್ಲು ಶುರುವಾದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಮೋಡ ಕಟ್ಟಿದ ದಿನ ಅಂಗಳ ಬಿಟ್ಟು ಬಚ್ಚಲಿಗೆ ಹೋಗಲೂ ಧೈರ್ಯವಾಗುವುದಿಲ್ಲ. ಜನವರಿಯಲ್ಲಿ ಮಂಡಿಗೆ ಅಲೆದಾಟ. ಫೆಬ್ರವರಿಯಲ್ಲಿ ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆ, ಮನೆ ತುಂಬ ನೆಂಟರು. ಏಪ್ರಿಲ್, ಮೇ ಅಂದರೆ ಮದುವೆ, ಉಪನಯನ, ತೋಟಕ್ಕೆ ನೀರು. ಜರಡಿ ಹಿಡಿದು ಹಿಡಿದು ಕೊನೆಗೆ ಉಳಿದದ್ದು ಮಾರ್ಚ್ ಮಧ್ಯದ ಒಂದು ವಾರ.

ಮಾಷ್ಟ್ರು ಬೆರಳು ಮಡಚಿದರು. "ಮಾರ್ಚ್ 19, ಯುಗಾದಿ. ಬಾಲಿಯವರಿಗೂ ಹೊಸ ವರ್ಷ ಈ ಸಲ ಅವತ್ತೇ. ಅವರದ್ದೂ ಶಕ ವರ್ಷ. ನಮಗೂ 1948, ಅವರಿಗೂ 1948."

ನಮಗೆ ರೋಮಾಂಚನವಾಯಿತು. ಸಮುದ್ರದ ಆಚೆ ಬೇವು ಬೆಲ್ಲ! ಮಂಜ ಹೋಳಿಗೆ ಕಟ್ಟಿಕೊಂಡು ಹೋಗುವ ಡಬ್ಬಿಯ ಅಳತೆಯನ್ನೂ ಹೇಳಿದ.

"ಪೂರ್ತಿ ಕೇಳ್ರಾ" ಅಂದರು ಮಾಷ್ಟ್ರು. "ಅದಕ್ಕೆ ನ್ಯೆಪಿ ಅಂತಾರೆ, ಮೌನದ ದಿನ. ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರ ತನಕ ದೀಪ ಹಚ್ಚೋ ಹಾಗಿಲ್ಲ, ಕೆಲಸ ಇಲ್ಲ, ರಸ್ತೆಗೆ ಇಳಿಯೋ ಹಾಗಿಲ್ಲ. ವಿಮಾನ ನಿಲ್ದಾಣಕ್ಕೂ ಬಾಗಿಲು. ಮೊಬೈಲ್ ಇಂಟರ್ನೆಟ್ಟೂ ಬಂದ್. ಪೆಚಲಾಂಗ್ ಅಂತ ಊರಿನ ಕಾವಲಿನವರು ತಿರುಗ್ತಾ ಇರ್ತಾರೆ. ಟೂರಿಗೆ ಬಂದವರೂ ರೂಮಲ್ಲೇ ಕೂರಬೇಕು."

"ಅಂದ್ರೆ" ಗಣಪಣ್ಣ ತಡೆತಡೆದು ಕೇಳಿದ, "ಲಕ್ಷ ಖರ್ಚು ಮಾಡಿ ಹೋಗಿ, ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಹೊರಗೆ ಕಾಲಿಡೋ ಹಾಗಿಲ್ಲ, ಸುಮ್ಮನೆ ಕತ್ತಲಲ್ಲಿ..."

ಅಷ್ಟರಲ್ಲಿ ಫಟ್ ಅಂತ ಕರೆಂಟ್ ಹೋಯಿತು. ಪೇಟೆಯ ಆ ತುದಿಯವರೆಗೂ ಕತ್ತಲೆ. ಮಂಜನ ಮೊಬೈಲಿನ ಕಡ್ಡಿಗಳೂ ಒಂದೊಂದಾಗಿ ಮಾಯವಾದವು. ಹಂಚಿನ ಮೇಲೆ ಮಳೆ ಬಿಟ್ಟರೆ ಸದ್ದಿಲ್ಲ.

ಕತ್ತಲಿಂದ ಶ್ರೀಧರನ ದನಿ ಬಂತು, ಥೇಟ್ ಕಂಡಕ್ಟರಿನ ಹಾಗೆ. "ಇಳೀರಿ, ಬಾಲಿ ಬಂತು."

"ಮೇಣದಬತ್ತಿ ಹಚ್ಚಲಾ?" ಅಂದ ಹೋಟೆಲಿನವ.

"ಬೇಡ ಮಾರಾಯ" ಅಂದರು ಮಾಷ್ಟ್ರು. "ಪೆಚಲಾಂಗಿನವರು ಬಂದ್ರೆ ಕಷ್ಟ."