ಪದಚರ್ಚೆ: ತುರ್ತು ವಿಭಾಗದ ಬೋರ್ಡಿಗೆ ‘ಎದೆನೋವು’ ಸಾಕಾ?

ಕೆ.ಎಸ್. (ತಾಲ್ಲೂಕು ಆಸ್ಪತ್ರೆ):

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ 10ಕ್ಕೆ ಪೇಂಟರ್ ಬರುತ್ತಾರೆ. ಅಷ್ಟರೊಳಗೆ ಒಂದು ಮಾತು ಬೇಕು.

ನಮ್ಮ ತುರ್ತು ವಿಭಾಗದ ಬಾಗಿಲಲ್ಲಿ ಈಗಿರುವ ಬೋರ್ಡು: ‘ತೀವ್ರ ಎದೆನೋವು ಇರುವವರು ಕೂಡಲೇ ಸಿಬ್ಬಂದಿಯನ್ನು ಸಂಪರ್ಕಿಸಿ.’ ವ್ಯಾಕರಣ ಸರಿಯಾಗಿದೆ. ಕೆಲಸ ಮಾತ್ರ ಮಾಡುತ್ತಿಲ್ಲ. ಕಳೆದ ವಾರ ಐವತ್ತೈದರ ಆಸುಪಾಸಿನ ರೈತರೊಬ್ಬರು ಅದೇ ಬೋರ್ಡಿನ ಕೆಳಗೆ ಮುಕ್ಕಾಲು ಗಂಟೆ ಕೂತಿದ್ದರು. ಅವರಿಗೆ ಓದು ಬರುತ್ತದೆ, ಬೋರ್ಡನ್ನೂ ಓದಿದ್ದಾರೆ. ಅಂಗಿ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು. ಯಾಕೆ ಹೇಳಲಿಲ್ಲ ಅಂದರೆ, ‘ನೋವು ಇಲ್ಲ ಸಾರ್, ಎದೆ ಮೇಲೆ ಗೊಬ್ಬರದ ಚೀಲ ಇಟ್ಟಂಗೈತೆ ಅಷ್ಟೆ. ಗ್ಯಾಸ್ ಇರ್ಬೇಕು’ ಅಂದರು. ಇ.ಸಿ.ಜಿ. ತೆಗೆದರೆ ದೊಡ್ಡ ಹಾರ್ಟ್ ಅಟ್ಯಾಕ್. ಆಸ್ಪಿರಿನ್ 300 ಮಿ.ಗ್ರಾಂ. ಅಗಿಯಲು ಕೊಟ್ಟು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಹಾಕಿ, ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಈಗ ಚೆನ್ನಾಗಿದ್ದಾರೆ.

ಇಂಥವರಿಗೆ 10 ನಿಮಿಷದೊಳಗೆ ಇ.ಸಿ.ಜಿ. ಆಗಬೇಕು ಅನ್ನುವುದು ನಿಯಮ. ಆ ಗಡಿಯಾರ ರೋಗಿ ಬಾಗಿಲು ದಾಟಿದಾಗಲೇ ಶುರು, ಬಾಯಿ ಬಿಟ್ಟಾಗ ಅಲ್ಲ. ಹಾಗಾಗಿ ನೋವು, ಭಾರ, ಬಿಗಿತ, ಉರಿ ಎಲ್ಲವನ್ನೂ ಒಳಗೊಳ್ಳುವ ಒಂದು ಮಾತು ಹೇಳಿ. ಬೋರ್ಡು 3 ಅಡಿಗೆ 2 ಅಡಿ. ಉದ್ದದ ಪದ ಹಿಡಿಸುವುದಿಲ್ಲ.

ಎನ್.ಆರ್. (ನಿವೃತ್ತ ಕನ್ನಡ ಮೇಷ್ಟ್ರು):

ಮೊದಲು ‘ತೀವ್ರ’, ‘ಸಿಬ್ಬಂದಿ’, ‘ಸಂಪರ್ಕಿಸಿ’ ಮೂರನ್ನೂ ಅಳಿಸಿ. ಒಂದು ಪಾರ್ಸಿ, ಎರಡು ಸಂಸ್ಕೃತ. ‘ಎದೆ’ ನಮ್ಮದು, ಹಳಗನ್ನಡದ ‘ಎರ್ದೆ’. ‘ಒತ್ತು’ ನಮ್ಮದು. ಎರಡನ್ನೂ ಕೂಡಿಸಿ: ಎದೆಯೊತ್ತು. ಮುಗಿಯಿತು. ಹಾಗೆಯೇ ಹಾರ್ಟ್ ಅಟ್ಯಾಕಿಗೆ ‘ಗುಂಡಿಗೆಪೆಟ್ಟು’, ಇ.ಸಿ.ಜಿ.ಗೆ ‘ಗುಂಡಿಗೆಗೆರೆ’. ‘ಹೃದಯಾಘಾತ’ದ ಋಕಾರ, ಮಹಾಪ್ರಾಣ ಎರಡನ್ನೂ ಬೆವರುತ್ತಾ ಕೂತವನ ಬಾಯಲ್ಲಿ ಹೇಳಿಸಿ ನೋಡೋಣ.

ವಿ.ಜಿ. (ಮೈಸೂರು):

ಹೊಸದನ್ನು ಹುಟ್ಟಿಸುವ ಚಪಲ ಯಾಕೆ? ಸುಶ್ರುತ ಸಂಹಿತೆಯಲ್ಲೇ ‘ಹೃಚ್ಛೂಲ’ ಇದೆ. ‘ಹೃದಯಶೂಲೆ’ ಎಂದು ಬಳಸಿ. ‘ಗುಂಡಿಗೆಪೆಟ್ಟು’ ಕೇಳಿದರೆ ಯಾರೋ ಜಗಳದಲ್ಲಿ ಗುದ್ದಿದ ಹಾಗಿದೆ.

ಬಿ.ಎಂ. (ಧಾರವಾಡ):

ಹೃಚ್ಛೂಲ! ಪೇಂಟರ್ ಒತ್ತಕ್ಷರ ಮುಗಿಸುವಷ್ಟರಲ್ಲಿ ರೋಗಿಯ ಕತೆ ಮುಗಿದಿರುತ್ತದೆ. ನಮ್ಮ ಕಡೆ ‘ಎದಿ ಹಿಡಕೊಂಡೈತಿ’ ಅಂತಾರೆ. ಅದನ್ನೇ ಬರೆಯಿರಿ.

ಕೆ.ಎಸ್.:

ವಿ.ಜಿ. ಸಾರ್, ‘ಶೂಲ’ದ ಬಗ್ಗೆ ನನ್ನ ತಕರಾರು ಭಾಷೆಯದ್ದಲ್ಲ, ವೈದ್ಯಕೀಯದ್ದು. ಶೂಲ ಅಂದರೆ ಚುಚ್ಚುವುದು. ಹೃದಯಕ್ಕೆ ರಕ್ತ ಸಾಲದಾದಾಗ ಹೆಚ್ಚಿನವರು ಹೇಳುವುದು ಚುಚ್ಚು ಅಲ್ಲ. ಅಮುಕಿದ ಹಾಗೆ, ಹಿಂಡಿದ ಹಾಗೆ, ಬೆಲ್ಟ್ ಬಿಗಿದ ಹಾಗೆ ಅನ್ನುತ್ತಾರೆ. ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವೆ ಇಟ್ಟು ತೋರಿಸುತ್ತಾರೆ. ಉಸಿರು ಎಳೆದಾಗ ಸೂಜಿಯಂತೆ ಚುಚ್ಚುವ ನೋವು ಶ್ವಾಸಕೋಶದ ಪೊರೆಯದ್ದೋ ಪಕ್ಕೆಲುಬಿನದ್ದೋ ಆಗಿರುವುದೇ ಜಾಸ್ತಿ. ಹಾಗಂತ ಅದನ್ನು ಮನೆಗೆ ಕಳಿಸುವುದಿಲ್ಲ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೂ ಹೀಗೇ ಚುಚ್ಚುತ್ತದೆ.

ಹೃದಯಕ್ಕೆ ರಕ್ತ ಸಾಲದೆ ಬರುವ ಈ ಎದೆನೋವಿಗೆ ವೈದ್ಯರು ಹೇಳುವ ‘ಆಂಜೈನಾ’ ಅನ್ನುವ ಪದದ ಲ್ಯಾಟಿನ್ ಬೇರಿನಲ್ಲಿ ಇರುವುದೂ ಕತ್ತು ಹಿಸುಕುವ ಅರ್ಥವೇ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ಈ ಕಾಯಿಲೆಗೆ ಹೆಸರಿಡುವಾಗ ನೋವು ಅನ್ನುವುದಕ್ಕಿಂತ ಉಸಿರು ಕಟ್ಟಿಸುವ ಆ ಹಿಡಿತವನ್ನೇ ಹೆಸರಾಗಿ ಇಟ್ಟರು. ಬಿ.ಎಂ. ಅವರ ‘ಎದಿ ಹಿಡಕೊಂಡೈತಿ’ ಅದಕ್ಕೆ ಬಹಳ ಹತ್ತಿರ.

ಪಿ.ಎಲ್. (ಮಂಡ್ಯ):

ಹತ್ತಿರ ಧಾರವಾಡದಲ್ಲಿ. ನಮ್ಮಲ್ಲಿ ‘ಹಿಡ್ಕೊಂಡಿದೆ’ ಅಂದರೆ ಮೊದಲು ನೆನಪಾಗುವುದು ಉಳುಕು. ಕತ್ತು ಹಿಡ್ಕೊಂಡಿದೆ, ಸೊಂಟ ಹಿಡ್ಕೊಂಡಿದೆ, ಎಣ್ಣೆ ನೀವಿದರೆ ಬಿಡುತ್ತದೆ. ‘ಎದೆ ಕಟ್ಟಿದೆ’ ಅಂದರಂತೂ ಕಫ. ಅಜ್ಜಿ ಮೆಣಸಿನ ಕಷಾಯ ಕುದಿಸಲು ಏಳುತ್ತಾರೆ, ಇ.ಸಿ.ಜಿ.ಗೆ ಅಲ್ಲ. ಒಂದೇ ಪದದಲ್ಲಿ ಇಡೀ ರಾಜ್ಯ ಹಿಡಿಸಲು ಹೋಗಬೇಡಿ.

ಎನ್.ಆರ್.:

ಅದಕ್ಕೇ ಹೊಸ ಪದ ಬೇಕು ಅಂದದ್ದು. ಯಾವ ಸೀಮೆಯ ಹಳೆ ಅರ್ಥವೂ ಅಂಟಿರುವುದಿಲ್ಲ. ಎದೆಯೊತ್ತು.

ಎಂ.ಎಸ್. (ಅನುವಾದಕಿ, ಬೆಂಗಳೂರು):

ಯಾವ ಅರ್ಥವೂ ಅಂಟಿಲ್ಲದ ಪದ ಬೋರ್ಡಿಗೆ ಯಾಕೆ, ಮೇಷ್ಟ್ರೇ? ಓದಿದವರು ‘ಎದೆಯೊತ್ತು ಅಂದರೇನು’ ಎಂದು ಕೇಳಲು ಅದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ನಿಜವಾಗಿ ತೊಂದರೆ ಕೊಡುತ್ತಿರುವ ಪದವನ್ನು ಯಾರೂ ಮುಟ್ಟಿಲ್ಲ: ‘ಗ್ಯಾಸ್ಟ್ರಿಕ್’. ಇಂಗ್ಲಿಷಿನಲ್ಲಿ ಅದು ‘ಹೊಟ್ಟೆಗೆ ಸಂಬಂಧಪಟ್ಟ’ ಅನ್ನುವ ಬರೀ ವಿಶೇಷಣ. ನಾವು ಅದನ್ನು ನಾಮಪದ ಮಾಡಿ, ಕಾಯಿಲೆ ಮಾಡಿ, ಎದೆಯಿಂದ ಹೊಕ್ಕುಳವರೆಗೆ ಏನಾದರೂ ಅದಕ್ಕೇ ಹಚ್ಚುತ್ತೇವೆ. ಸೋಡಾ ಕುಡಿಯುತ್ತೇವೆ, ಆಸಿಡಿಟಿಯ ಪ್ಯಾಂಟಾಪ್ ಮಾತ್ರೆ ನುಂಗುತ್ತೇವೆ, ಮಲಗುತ್ತೇವೆ. ನಮ್ಮ ದೊಡ್ಡಮ್ಮ ಹಾಗೇ ಒಂದು ಇಡೀ ರಾತ್ರಿ ಕಳೆದರು. ಸಕ್ಕರೆ ಕಾಯಿಲೆ ಇತ್ತು. ಎದೆಯಲ್ಲಿ ಏನೂ ಇರಲಿಲ್ಲ. ದವಡೆ ಸೆಳೆತ, ವಾಂತಿ ಬಂದ ಹಾಗೆ, ಸುಸ್ತು, ಅಷ್ಟೇ. ಬೆಳಿಗ್ಗೆ ನೋಡಿದರೆ ಹಾರ್ಟ್ ಅಟ್ಯಾಕ್ ಆಗಿತ್ತು.

ಇನ್ನೊಂದು ವಿಷಯ. ಅಮೆರಿಕದ ಹೃದ್ರೋಗ ಸಂಘಟನೆಗಳ 2021ರ ಎದೆನೋವಿನ ಮಾರ್ಗಸೂಚಿ ಕೂಡ ಪದದ ಜಗಳವನ್ನೇ ಮಾಡಿದೆ. ‘ಅಟಿಪಿಕಲ್ (ಮಾಮೂಲಿನಂತಿಲ್ಲದ) ಎದೆನೋವು’ ಅನ್ನುವುದನ್ನು ಬಿಡಿ ಎಂದು ಹೇಳಿದೆ. ಆ ಪದ ಕೇಳಿದರೆ ಇದು ಹೃದಯದ್ದಲ್ಲ ಅಂತ ಕೈಬಿಡುವ ಅಪಾಯ ಇದೆ. ಹೃದಯದ್ದು, ಹೃದಯದ್ದು ಇರಬಹುದು, ಹೃದಯದ್ದಲ್ಲ, ಹೀಗೆ ಹೇಳಿ ಅನ್ನುತ್ತದೆ. ನೋಡಿ, ಅದು ಎಷ್ಟು ಸಲೀಸಾಗಿ ಕನ್ನಡವಾಯಿತು.

ವಿ.ಜಿ.:

ಇಂಗ್ಲಿಷ್ ಎರವಲಿನ ಗತಿ ಇದೇ. ಎರವಲು ಬೇಡ ಅನ್ನುವುದು ಅದಕ್ಕೇ.

ಬಿ.ಎಂ.:

ಆಸ್ಪತ್ರೆ ಅನ್ನುವುದೇ ಹಾಸ್ಪಿಟಲಿನ ಕೂಸು. ನಮ್ಮೂರ ‘ದವಾಖಾನಿ’ ಪಾರ್ಸಿ ಕಡೆಯಿಂದ ಬಂದದ್ದು. ಎರಡನ್ನೂ ಬಿಟ್ಟು ಮರದಡಿ ಮಲಗಿಸೋಣವಾ?

ಎನ್.ಆರ್.:

ಬಂದದ್ದನ್ನು ಓಡಿಸಿ ಅಂದಿಲ್ಲ. ಬಾಗಿಲು ತೆರೆದಿಟ್ಟು ಮಲಗಬೇಡಿ ಅಂದೆ. ‘ಗುಂಡಿಗೆ’ ಇರುವಾಗ ‘ಹೃದಯ’ ಯಾಕೆ?

ಪಿ.ಎಲ್.:

ಯಾಕೆಂದರೆ ‘ಅವನಿಗೆ ಗುಂಡಿಗೆ ಇದೆ’ ಅಂದರೆ ಧೈರ್ಯ, ‘ಹೃದಯ ಇದೆ’ ಅಂದರೆ ಕರುಣೆ. ಆಸ್ಪತ್ರೆಗೆ ಬೇಕಾದ್ದು ಎರಡೂ ಅಲ್ಲ. ಡಾಕ್ಟ್ರೇ, ಅದೇ ಬೋರ್ಡಿನಲ್ಲಿ ‘ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟುಕೊಳ್ಳಿ’ ಅಂತಲೂ ಹಾಕಿ, ಉಪಕಾರವಾಗುತ್ತದೆ.

ಕೆ.ಎಸ್.:

ಖಂಡಿತ ಹಾಕುವುದಿಲ್ಲ. ಬಿ.ಪಿ. ಮೊದಲೇ ಕೆಳಗಿದ್ದರೆ ರಕ್ತನಾಳ ಹಿಗ್ಗಿಸುವ ಆ ಮಾತ್ರೆ ಅದನ್ನು ಇನ್ನೂ ಕೆಳಗೆ ತಳ್ಳುತ್ತದೆ. ಪಕ್ಕದ ಮನೆಯವರ ಮಾತ್ರೆ ಬಾಯಿಗೆ ಹಾಕಿಕೊಂಡು ದಾರಿಯಲ್ಲೇ ತಲೆ ಸುತ್ತಿ ಬಿದ್ದವರನ್ನು ನೋಡಿದ್ದೇನೆ.

‘ಹೃದಯಾಘಾತ’ದ ಜಗಳಕ್ಕೂ ಒಂದು ಮಾತು. ಪತ್ರಿಕೆಗಳು ಅದನ್ನೂ ‘ಹೃದಯ ಸ್ತಂಭನ’ವನ್ನೂ ಒಂದೇ ಮಾಡಿಬಿಟ್ಟಿವೆ. ಮೊದಲನೆಯದರಲ್ಲಿ ರಕ್ತನಾಳ ಕಟ್ಟಿಕೊಂಡಿರುತ್ತದೆ. ನಮ್ಮ ರೈತರ ಹಾಗೆ ಕೂತು ಮಾತಾಡುತ್ತಲೂ ಇರಬಹುದು. ಎರಡನೆಯದರಲ್ಲಿ ಹೃದಯ ರಕ್ತ ನೂಕುವುದನ್ನೇ ನಿಲ್ಲಿಸಿರುತ್ತದೆ. ಆ ಕ್ಷಣವೇ ಎದೆ ಒತ್ತಲು (ಸಿ.ಪಿ.ಆರ್.) ಶುರು ಮಾಡಬೇಕು. ಮೇಷ್ಟ್ರೇ, ನಿಮ್ಮ ‘ಎದೆಯೊತ್ತು’ ನಮ್ಮ ನರ್ಸುಗಳಿಗೆ ಸಿ.ಪಿ.ಆರ್. ಮಾಡು ಅಂತಲೇ ಕೇಳಿಸುತ್ತದೆ! ಅದಕ್ಕೇ ಕೈಬಿಟ್ಟೆ. ಕ್ಷಮಿಸಿ.

ಒಂದೇ ಪದದ ಆಸೆಯನ್ನೂ ಬಿಟ್ಟೆ. ರಾತ್ರಿ ಡ್ಯೂಟಿಯಲ್ಲಿ ಆಯಾ ಅಮ್ಮನಿಗೆ ನಾಲ್ಕು ಕರಡು ಓದಿ ಹೇಳಿದೆ. ಅವರು ‘ಸಾರ್, ಜನಕ್ಕೆ ಕಾಯಿಲೆ ಹೆಸರು ಗೊತ್ತಿರಲ್ಲ, ಹೆಂಗಾಗ್ತಿದೆ ಅಂತ ಗೊತ್ತಿರುತ್ತೆ’ ಅಂದರು. ಪೇಂಟರಿಗೆ ಕೊಟ್ಟದ್ದು ಇದು:

‘ಎದೆಯಲ್ಲಿ ನೋವು, ಭಾರ, ಬಿಗಿತ, ಉರಿ?
ಜೊತೆಗೆ ಬೆವರು, ಉಸಿರಿಗೆ ಕಷ್ಟ, ಕೈ–ದವಡೆ ಸೆಳೆತ?
ಗ್ಯಾಸ್ ಅನ್ನಿಸಿದರೂ ಸಾಲಿನಲ್ಲಿ ನಿಲ್ಲಬೇಡಿ. ಮೊದಲು ನಮಗೆ ಹೇಳಿ.’

ಮೊದಲ ಸಾಲು ಕೆಂಪು, ಉಳಿದದ್ದು ಕಪ್ಪು.

ವಿ.ಜಿ.:

‘ಗ್ಯಾಸ್’ ಬೇಕಿತ್ತೇ? ‘ವಾಯು’ ಇತ್ತಲ್ಲ.

ಎಂ.ಎಸ್.:

ಬೇಕಿತ್ತು.

ಎನ್.ಆರ್.:

ಸಂಸ್ಕೃತ ಅಷ್ಟಾಗಿ ಇಲ್ಲ, ಆಗಬಹುದು. ‘ಕೈ–ದವಡೆ’ ನಡುವಿನ ಗೆರೆ ಇಂಗ್ಲಿಷಿನದು. ತೆಗೆಯಿರಿ.

ಕೆ.ಎಸ್.:

ಬಣ್ಣ ಒಣಗಿಯಾಯಿತು ಸಾರ್. ಮುಂದಿನ ವಾರ ‘ಟ್ರಯಾಜ್’ ಕೌಂಟರಿಗೆ ಬೋರ್ಡು ಬರೆಸಬೇಕು. ಬಂದವರಲ್ಲಿ ಯಾರನ್ನು ಮೊದಲು ನೋಡಬೇಕು ಎಂದು ವಿಂಗಡಿಸುವ ಜಾಗ ಅದು. ಅದಕ್ಕೆ ಬೇರೆ ಪತ್ರ ಹಾಕುತ್ತೇನೆ. ದಯವಿಟ್ಟು ಈ ಸಲ ಎರಡು ದಿನ ಮೊದಲೇ ಜಗಳ ಶುರು ಮಾಡಿ.