ಮಾವ ಹಾಕಿದ ಗ್ರಾಫು

ಶಿರಸಿ ಮಾವ: (ಫಾರ್ವರ್ಡ್) ಅಮೆರಿಕದ ನಿರುದ್ಯೋಗ. 2009ರ ಅಕ್ಟೋಬರ್‌ನಲ್ಲಿ ಶೇ 10, 2017ರ ಜನವರಿಯಲ್ಲಿ ಶೇ 4.7. ಎಲ್ಲ ಒಬಾಮ ಕಾಲದಲ್ಲಿ. ನಾಯಕ ಗಟ್ಟಿ ಇದ್ದರೆ ಹೀಗೆ. ಎಲ್ಲರೂ ಓದಿ.

ಕಾರವಾರ ಅಕ್ಕ: ಮಾವ, ಗ್ರಾಫು ಅಕ್ಟೋಬರಿಂದಲೇ ಯಾಕೆ ಶುರು? ಅವರು ಕುರ್ಚಿಗೆ ಬಂದಿದ್ದು ಜನವರಿಯಲ್ಲಿ. ಆಗ 7.8 ಇತ್ತು. ಏರಿದ್ದನ್ನು ನುಂಗಿ ಇಳಿದದ್ದನ್ನು ಮಾತ್ರ ತೋರಿಸಿದ್ದಾರೆ.

ಚಿಕ್ಕಪ್ಪ: ಏರಿದ್ದು ಅವರ ತಪ್ಪಲ್ಲ ಮಾರಾಯ್ತಿ, ಬ್ಯಾಂಕು ಮುಳುಗಿದ್ದು ಹಿಂದಿನವರ ಕಾಲದಲ್ಲಿ. ಹಿಂಜರಿತ 2009ರ ಜೂನ್‌ಗೇ ಮುಗಿಯಿತು, ಆದರೂ ಅಕ್ಟೋಬರ್‌ವರೆಗೆ ನಿರುದ್ಯೋಗ ಏರಿತು, ಯಾಕಂದ್ರೆ ವ್ಯಾಪಾರ ಕುದುರಿದರೂ ಕಂಪನಿಯವರು ಮೊದಲು ಇದ್ದವರ ಕೈಯಲ್ಲೇ ಜಾಸ್ತಿ ದುಡಿಸ್ತಾರೆ, ಧೈರ್ಯ ಬಂದ ಮೇಲೇ ಹೊಸಬರನ್ನು ತಗೊಳ್ಳೋದು.

ಕಾರವಾರ ಅಕ್ಕ: ಏರಿದ್ದು ಅವರದಲ್ಲ, ಇಳಿದದ್ದು ಪೂರ್ತಿ ಅವರದು! ಚೆನ್ನಾಗಿದೆ. ಮತ್ತೆ ಅಲ್ಲಿ ನಾಲ್ಕು ವಾರ ಕೆಲಸ ಹುಡುಕದೆ ಕೂತವನು ನಿರುದ್ಯೋಗಿಯೇ ಅಲ್ಲ. ಸೋತು ಕೈಬಿಟ್ಟರೂ ಅಂಕಿ ಇಳಿಯುತ್ತೆ.

ಶಿರಸಿ ಮಾವ: ನಿನಗೆ ಎಲ್ಲದರಲ್ಲೂ ಹುಳುಕೇ ಕಾಣೋದು. ನಮ್ಮ ದೇಶದ್ದೇ ನೋಡು. 2019–20ರಲ್ಲಿ 4.8, ಮರುವರ್ಷ 4.2. ಕೊರೊನಾದಲ್ಲೂ ಇಳಿದಿದೆ! ಸುಮ್ನೆ ಹೇಳ್ತಿಲ್ಲ, ಸರ್ಕಾರದ್ದೇ ಸಮೀಕ್ಷೆ.

ಮಾಣಿ: ಅಪ್ಪ, ಆ ವರ್ಷ ನಾನು ಎಲ್ಲಿದ್ದೆ?

ಶಿರಸಿ ಮಾವ: ಮನೆಯಲ್ಲಿ. ಯಾಕೆ?

ಮಾಣಿ: ಬೆಂಗಳೂರಿನ ಕೆಲಸ ಹೋಗಿ ಬಂದು ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದೆ. ಬೆರಳಿನ ಕಪ್ಪು ತಿಂಗಳಾದರೂ ಹೋಗಿರಲಿಲ್ಲ. ಸಂಬಳ ಇಲ್ಲದಿದ್ದರೂ ಮನೆ ತೋಟದಲ್ಲಿ ಕೈಹಚ್ಚಿದವನು ಆ ಸಮೀಕ್ಷೆಯಲ್ಲಿ ಉದ್ಯೋಗಿ. 2018–19ರಲ್ಲಿ ದುಡಿಯುವವರ ಪೈಕಿ ಶೇ 42.5 ಮಂದಿ ಕೃಷಿಯಲ್ಲಿದ್ದರು, 2020–21ಕ್ಕೆ 46.5. ನನ್ನಂಥವರು ಎಷ್ಟು ಜನ ಇರಬೇಡ ಅದರಲ್ಲಿ?

ಚಿಕ್ಕಪ್ಪ: 🙈

ಶಿರಸಿ ಮಾವ: ಊಟಕ್ಕೇನು ಕಡಿಮೆ ಮಾಡಿದ್ದೆನಾ?

ಅತ್ತೆ: ಊಟ ಹಾಕಿದ್ದು ನಾನು. ನನ್ನನ್ನು ಯಾವುದರಲ್ಲಿ ಸೇರಿಸಿದ್ದಾರೆ?

ಕಾರವಾರ ಅಕ್ಕ: ಬರೀ ಅಡುಗೆ, ಮನೆಗೆಲಸ ಅಂದ್ರೆ ನೀವು ಉದ್ಯೋಗಿಯೂ ಅಲ್ಲ, ನಿರುದ್ಯೋಗಿಯೂ ಅಲ್ಲ ಅತ್ತೆ. ಲೆಕ್ಕದಿಂದಲೇ ಹೊರಗೆ. ಕೊಟ್ಟಿಗೆ ಕೆಲಸ ಹೇಳಿದ್ರೆ ಉದ್ಯೋಗಿ.

ಅತ್ತೆ: ಹಾಗಾದ್ರೆ ಎರಡು ಎಮ್ಮೆ ಇದಾವೆ ಅಂತ ಬರ್ಕೊಳ್ಳೋಕೆ ಹೇಳು. ಮಾವನಿಗೆ ಫೋನು ಇಟ್ಟು ಹುಲ್ಲು ತರೋಕೂ ಹೇಳು.